ಬಿಲ್‌ನಲ್ಲಿ ಒಂದು ಬ್ಯಾಚ್, ರ‍್ಯಾಕ್‌ನಲ್ಲಿ ಇನ್ನೊಂದು

ಔಷಧಿ ಹೋಲ್‌ಸೇಲ್‌ನಲ್ಲಿ ಸ್ಟಾಕ್ ಟ್ಯಾಲಿ ಆಯಿತು ಅಂದರೆ ಎಲ್ಲರೂ ನೆಮ್ಮದಿಯಾಗಿ ಮನೆಗೆ ಹೋಗುತ್ತಾರೆ. ಹುಬ್ಬಳ್ಳಿಯಲ್ಲಿ ನಾನು ನೋಡಿಕೊಳ್ಳುವ ಗೋಡೌನ್‌ನಲ್ಲೂ ಹಾಗೇ ಇತ್ತು. ಸಿಸ್ಟಮ್‌ನಲ್ಲಿ ಎಷ್ಟು ಸ್ಟ್ರಿಪ್ ಇದೆಯೋ ರ‍್ಯಾಕ್‌ನಲ್ಲೂ ಅಷ್ಟೇ. ಇನ್ನೇನು ಬೇಕು?

ಒಂದು ಶನಿವಾರ ಅಂಗಡಿಗಳಿಗೆ ಮಾಲು ಒಯ್ಯುವ ಲೈನ್ ಗಾಡಿ ತುಂಬುತ್ತಿದ್ದ ಹೊತ್ತಿಗೆ ಸಿ ಆಂಡ್ ಎಫ್, ಅಂದರೆ ಕಂಪನಿಯ ಮಾಲು ಇಟ್ಟುಕೊಂಡು ನಮಗೆ ಕಳಿಸುವ ಏಜೆಂಟ್ ಕಡೆಯಿಂದ ಮೇಲ್ ಬಂತು. ಬಿಪಿ ಮಾತ್ರೆಯ ಒಂದು ಬ್ಯಾಚ್, ಅಂದರೆ ಒಂದೇ ಸಲ ತಯಾರಾದ ಮಾಲು, ಡಿಸಲ್ಯೂಷನ್ ಟೆಸ್ಟ್‌ನಲ್ಲಿ ಫೇಲ್. ಮಾರಾಟ ನಿಲ್ಲಿಸಿ, ಹೋದ ಮಾಲು ವಾಪಸ್ ತರಿಸಿ ಅಂತ. ನುಂಗಿದ ಮಾತ್ರೆ ಹೊತ್ತಿಗೆ ಸರಿಯಾಗಿ ಕರಗದಿದ್ದರೆ ಬಿಪಿ ಇರುವವರಿಗೆ ಅದು ಸಣ್ಣ ವಿಷಯವಲ್ಲ.

ಬ್ಯಾಚ್‌ವೈಸ್ ರಿಪೋರ್ಟ್ ತೆಗೆದೆ. ಕುಂದಗೋಳ, ನವಲಗುಂದ, ಕಲಘಟಗಿ ಕಡೆಯ ಕೆಲವೇ ಅಂಗಡಿಗಳು. ಕ್ಲೋಸಿಂಗ್ ಸ್ಟಾಕ್ ಸೊನ್ನೆ. ಅರ್ಧ ಗಂಟೆಯ ಕೆಲಸ ಅಂತ ಮಾಲೀಕರಿಗೆ ಹೇಳಿ ಫೋನ್ ಇಟ್ಟೆ. ಅಷ್ಟರಲ್ಲಿ ಪಿಕಿಂಗ್ ಹುಡುಗ ರ‍್ಯಾಕ್‌ನ ಹಿಂದಿನಿಂದ ಒಂದು ಕಾರ್ಟನ್ ಎಳೆದು ತಂದು ಟೇಬಲ್ ಮೇಲಿಟ್ಟ. ಅದೇ ಬ್ಯಾಚ್. ಸೀಲ್ ಕೂಡ ಒಡೆದಿರಲಿಲ್ಲ.

ಒಂದೆರಡು ನಿಮಿಷ ಯಾರೂ ಮಾತಾಡಲಿಲ್ಲ. ಮುಗಿದುಹೋಗಿರಬೇಕಾದ ಬ್ಯಾಚ್ ಕಣ್ಣೆದುರೇ ಇದೆ. ಹಾಗಾದರೆ ಆ ಅಂಗಡಿಗಳಿಗೆ ಹೋಗಿದ್ದು ಯಾವುದು? ಈ ಬ್ಯಾಚ್‌ನ ಉಳಿದ ಮಾಲು ಯಾರ ಅಂಗಡಿಯಲ್ಲಿ ಕೂತಿದೆ? ಕೈಯಲ್ಲಿದ್ದ ರಿಪೋರ್ಟ್ ಇದಕ್ಕೆ ಉತ್ತರ ಕೊಡುವಂತಿರಲಿಲ್ಲ.

ಕಾರಣ ಹುಡುಕಲು ಜಾಸ್ತಿ ಹೊತ್ತು ಬೇಕಾಗಲಿಲ್ಲ. ಬಿಲ್ ಹೊಡೆಯುವಾಗ ಸಾಫ್ಟ್‌ವೇರ್ ತಾನೇ ನಿಯರ್ ಎಕ್ಸ್‌ಪೈರಿ ಬ್ಯಾಚ್ ಎತ್ತಿಕೊಳ್ಳುತ್ತದೆ. ಹುಡುಗ ರ‍್ಯಾಕ್‌ನಲ್ಲಿ ಮುಂದೆ ಇದ್ದದ್ದನ್ನು ಎತ್ತಿಕೊಳ್ಳುತ್ತಾನೆ. ಹತ್ತು ಸ್ಟ್ರಿಪ್ ಬಿಲ್, ಹತ್ತು ಸ್ಟ್ರಿಪ್ ಪ್ಯಾಕ್. ಲೆಕ್ಕ ತಪ್ಪಲೇ ಇಲ್ಲ, ಬ್ಯಾಚ್ ಮಾತ್ರ ಅದಲು ಬದಲು. ಹೋಲ್‌ಸೇಲ್ ಬಿಲ್‌ನಲ್ಲಿ ಬ್ಯಾಚ್ ನಂಬರ್ ಇರಲೇಬೇಕು ಅಂತ ಕಾನೂನಿದೆ, ನಮ್ಮ ಬಿಲ್‌ನಲ್ಲೂ ಇತ್ತು. ಆದರೆ ಆ ಕಾಲಂ ನಂಬಿ ಒಂದು ನಿರ್ಧಾರ ತೆಗೆದುಕೊಳ್ಳುವ ಸಂದರ್ಭ ಅಲ್ಲಿವರೆಗೆ ಬಂದಿರಲಿಲ್ಲ. ಹಾಗಾಗಿ ಅದು ಸುಳ್ಳು ಹೇಳುತ್ತಿದೆ ಅಂತ ಗೊತ್ತಾಗಲೂ ಇಲ್ಲ.

ಕೊನೆಗೆ ಆ ಮಾತ್ರೆ ಕೊಂಡ ಎಲ್ಲ ಅಂಗಡಿಗಳಿಗೂ ಫೋನ್ ಮಾಡಬೇಕಾಯಿತು. ಬ್ಯಾಚ್ ನಂಬರ್ ಫಾಯಿಲ್‌ನ ಒಂದು ತುದಿಯಲ್ಲಿ ಒತ್ತಿದ ಅಕ್ಷರದಲ್ಲಿತ್ತು. ಬೆಳಕಿಗೆ ಓರೆ ಹಿಡಿದರೆ ಮಾತ್ರ ಕಾಣುತ್ತದೆ. ಕುಂದಗೋಳ ಕಡೆಯ ಒಬ್ಬರು ಮೊಬೈಲ್ ಟಾರ್ಚ್ ಹಾಕಿಕೊಂಡು ‘ಇದು ಎಂಟೋ, ಬಿ ಅಕ್ಷರವೋ ತಿಳೀವಲ್ದು’ ಅಂದರು. ಫೋಟೋ ಕಳಿಸಿ ಅಂದೆ. ಇನ್ನೊಬ್ಬರ ಹತ್ತಿರ ಉಳಿದಿದ್ದು ಕತ್ತರಿಸಿದ ಅರ್ಧ ಸ್ಟ್ರಿಪ್. ನಂಬರ್ ಇದ್ದ ತುದಿ ಲೂಸ್ ಕೊಂಡ ಗಿರಾಕಿಯ ಜೊತೆ ಹೋಗಿತ್ತು. ಅನುಮಾನ ಬಂದದ್ದನ್ನೆಲ್ಲ ವಾಪಸ್ ತರಿಸಿದೆವು, ಒಳ್ಳೆಯ ಮಾಲೂ ಅದರ ಜೊತೆ ಬಂತು. ಗಿರಾಕಿಗಳ ಮನೆಗೆ ಹೋದದ್ದನ್ನು ಹುಡುಕುವ ದಾರಿ ನಮ್ಮ ಹತ್ತಿರ ಇರಲಿಲ್ಲ. ಅದು ಈಗಲೂ ಚುಚ್ಚುತ್ತದೆ.

ಮ್ಯಾನೇಜ್‌ಮೆಂಟ್ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಅದೇ ವರ್ಷ ಸೇಲ್ಸ್ ಡ್ಯಾಶ್‌ಬೋರ್ಡ್‌ಗೆ ದುಡ್ಡು ಸುರಿದಿದ್ದರು. ಯಾವ ಲೈನ್‌ನಲ್ಲಿ ಎಷ್ಟು ವಸೂಲಿ ಅಂತ ಮೊಬೈಲ್‌ನಲ್ಲೇ ಬಣ್ಣ ಬಣ್ಣದ ಗ್ರಾಫ್. ರ‍್ಯಾಕ್ ಹತ್ತಿರ ಒಂದು ಸ್ಕ್ಯಾನರ್ ಕೊಡಿ ಅಂದರೆ ‘ನೋಡೋಣ’. 2023ರ ಆಗಸ್ಟ್‌ನಿಂದ 300 ಬ್ರ್ಯಾಂಡ್‌ಗಳಿಗೆ ಕ್ಯೂಆರ್ ಅಥವಾ ಬಾರ್‌ಕೋಡ್ ಕಡ್ಡಾಯ. ಬ್ಯಾಚ್, ಎಕ್ಸ್‌ಪೈರಿ, ಲೈಸೆನ್ಸ್ ನಂಬರ್ ಎಲ್ಲ ಅದರಲ್ಲೇ ಇರುತ್ತದೆ. ಓದುವ ಯಂತ್ರ ನಮ್ಮಲ್ಲಿಲ್ಲದಿದ್ದರೆ ಅದು ಡಬ್ಬದ ಮೇಲಿನ ಕಪ್ಪು ಚೌಕ ಅಷ್ಟೇ ಅಲ್ವಾ?

ನಾವು ಮಾಡಿದ ಬದಲಾವಣೆಗೆ ಖರ್ಚೇ ಇಲ್ಲ. ಮೊದಲು ಪಿಕಿಂಗ್, ಆಮೇಲೆ ಬಿಲ್. ಹುಡುಗ ಮಾಲು ಎತ್ತಿದ ಕೂಡಲೇ ಸ್ಲಿಪ್ ಮೇಲೆ ಬ್ಯಾಚ್ ನಂಬರ್‌ನ ಕೊನೆಯ ನಾಲ್ಕು ಅಕ್ಷರ ಬರೆಯುತ್ತಾನೆ. ಕಂಪ್ಯೂಟರ್ ಮುಂದೆ ಕೂತವಳು ಅದನ್ನೇ ಆರಿಸುತ್ತಾಳೆ. ಹೇಳಿದ ಮೊದಲ ವಾರ ಹುಡುಗರು ಬರೆಯಲಿಲ್ಲ. ವಾಪಸ್ ಬಂದ ಆ ಬಿಪಿ ಮಾತ್ರೆಯ ರಾಶಿ ತೋರಿಸಿ, ಇದು ಯಾಕೆ ಹೀಗಾಯಿತು ಅಂತ ಬಿಡಿಸಿ ಹೇಳಿದ ಮೇಲೆ ಬರೆಯತೊಡಗಿದರು. ತಾವು ಬರೆಯುವ ನಾಲ್ಕು ಅಕ್ಷರ ಎಲ್ಲಿ ಕೆಲಸಕ್ಕೆ ಬರುತ್ತದೆ ಅಂತ ಅವರಿಗೆ ಅದಕ್ಕೂ ಮೊದಲು ನಾವು ಯಾರೂ ಹೇಳಿರಲಿಲ್ಲ. ಗಾಡಿ ಹೊರಡುವುದು ಸ್ವಲ್ಪ ತಡವಾಗುತ್ತದೆ. ಸೇಲ್ಸ್‌ನವರು ಗೊಣಗುತ್ತಾರೆ, ಗೊಣಗಲಿ.

ಸೇಲ್ಸ್ ರಿಟರ್ನ್ ಮಾತ್ರ ಇನ್ನೂ ಹಳೆಯ ಹಾಡೇ. ಅಂಗಡಿಯಿಂದ ಬಂದ ಸ್ಟ್ರಿಪ್‌ಗಳನ್ನು ಬ್ಯಾಚ್ ನೋಡದೆ ಕ್ರೆಡಿಟ್ ನೋಟ್ ಹಾಕಿ ರ‍್ಯಾಕ್‌ಗೆ ಸೇರಿಸುತ್ತಾರೆ. ಮುಂದಿನ ತಿಂಗಳ ಮೀಟಿಂಗ್‌ನಲ್ಲಿ ಸ್ಕ್ಯಾನರ್ ಜೊತೆ ಅದನ್ನೂ ಎತ್ತುತ್ತೇನೆ.