ಮಗಳಿಗೆ ಸೂಜಿ, ಅಮ್ಮನಿಗೆ ಟೆಸ್ಟ್

"ಸಿಸ್ಟರ್, ಹೆಣ್ಣುಮಕ್ಕಳಿಗೆ ಕ್ಯಾನ್ಸರ್ ಬರದ ಹಾಗೆ ಸೂಜಿ ಬಂದಿದೆಯಂತಲ್ಲ, ನಮ್ಮ ಹುಡುಗಿಗೆ ಹಾಕಿಸಬಹುದಾ?" ಈಗೀಗ ಈ ಪ್ರಶ್ನೆ ಜಾಸ್ತಿ ಬರುತ್ತಿದೆ. ಖಂಡಿತ ಹಾಕಿಸಿ ಎನ್ನುತ್ತೇನೆ. ಜೊತೆಗೆ ನಾನೂ ಒಂದು ಪ್ರಶ್ನೆ ಕೇಳುತ್ತೇನೆ: "ನೀವು ಗರ್ಭಕಂಠದ ಕ್ಯಾನ್ಸರ್ ಟೆಸ್ಟ್ ಮಾಡಿಸಿದ್ದೀರಾ?" ಅಲ್ಲಿಗೆ ಮಾತು ಮುಗಿಯುತ್ತದೆ. ಮನೆಯಲ್ಲಿ ಕೇಳಬೇಕು, ನನಗೇನೂ ತೊಂದರೆ ಇಲ್ಲ, ಬಸ್ಸಿಗೆ ಹೊತ್ತಾಯ್ತು.

ತುಮಕೂರು ಕಡೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನಾನು ನರ್ಸ್. ಬಿಪಿ, ಶುಗರ್ ನೋಡುವ ಕೋಣೆಯ ಪಕ್ಕದಲ್ಲೇ ಗರ್ಭಕಂಠದ ಕ್ಯಾನ್ಸರ್ ಟೆಸ್ಟ್ ಮಾಡುವ ಕೋಣೆ. ಒಂದು ಟೇಬಲ್, ಒಂದು ಲೈಟು, ಒಂದು ಪರದೆ. ಬೆಳಿಗ್ಗೆ ಬಂದ ಕೂಡಲೇ ದ್ರಾವಣ ಮಾಡಿಕೊಳ್ಳುತ್ತೇನೆ. 95 ಎಂಎಲ್ ಡಿಸ್ಟಿಲ್ಡ್ ವಾಟರ್‌ಗೆ 5 ಎಂಎಲ್ ಅಸಿಟಿಕ್ ಆಸಿಡ್. ಗೋಬಿ ಮಂಚೂರಿ ಗಾಡಿಯಲ್ಲಿ ಹಾಕುತ್ತಾರಲ್ಲ ವಿನೆಗರ್, ಅದರಲ್ಲಿರುವುದೂ ಇದೇ. ಕೋಣೆ ತುಂಬಾ ಅದೇ ವಾಸನೆ. ಹಿಂದಿನ ದಿನದ್ದು ಉಳಿದಿದ್ದರೆ ಚೆಲ್ಲುತ್ತೇನೆ.

ಸ್ಪೆಕ್ಯುಲಮ್ (ಒಳಗೆ ಕಾಣುವ ಹಾಗೆ ಅಗಲಿಸಿ ಹಿಡಿಯುವ ಸಾಧನ) ಹಾಕಿ, ಗರ್ಭಕೋಶದ ಬಾಯಿಗೆ ಹತ್ತಿಯಲ್ಲಿ ಈ ದ್ರಾವಣ ಹಚ್ಚಿ ಒಂದು ನಿಮಿಷ ಕಾಯಬೇಕು. ಅಂದಾಜಿಗೆ ಅಲ್ಲ, ಗಡಿಯಾರ ನೋಡಿಕೊಂಡೇ. ಅಲ್ಲಿನ ಜೀವಕೋಶಗಳು ಕೆಡಲು ಶುರುವಾಗಿದ್ದರೆ ಆ ಜಾಗ ಸುಣ್ಣ ಹಚ್ಚಿದ ಹಾಗೆ ಬೆಳ್ಳಗಾಗುತ್ತದೆ. ಅಂಚು ಎದ್ದು ಕಾಣುತ್ತದೆ. ಬೆಳ್ಳಗಾದದ್ದೆಲ್ಲ ಕ್ಯಾನ್ಸರ್ ಅಲ್ಲ, ಬರೀ ಸೋಂಕೂ ಇರಬಹುದು. ಅದನ್ನು ಡಾಕ್ಟರ್ ನೋಡಿ ಹೇಳುತ್ತಾರೆ. ಕ್ಯಾನ್ಸರ್ ಆಗುವ ಮುಂಚಿನ ಹಂತವಾದರೆ ಬಿಸಿ ಮಾಡಿದ ಒಂದು ಸಣ್ಣ ಉಪಕರಣದ ತುದಿ ಇಟ್ಟು ಸುಟ್ಟುಬಿಡುತ್ತಾರೆ, ಒಂದು ನಿಮಿಷವೂ ಬೇಡ. ಇಲ್ಲವೇ ತಂತಿಯ ಕುಣಿಕೆಯಿಂದ ಆ ಭಾಗವನ್ನಷ್ಟೇ ತೆಗೆಯುತ್ತಾರೆ. ಗರ್ಭಕೋಶ ಉಳಿಯುತ್ತದೆ. ಇದನ್ನು ಒತ್ತಿ ಹೇಳಲು ಕಾರಣ ಇದೆ. ಬಿಳಿಸೆರಗು ಅಂತ ಹೋದವರ ಗರ್ಭಕೋಶವನ್ನೇ ಮೂವತ್ತೈದಕ್ಕೆಲ್ಲ ತೆಗೆಸಿಬಿಡುವ ಚಾಳಿ ನಮ್ಮ ಕಡೆ ಇದೆ. ನನಗೆ ಅದನ್ನು ಕಂಡರೆ ಸಿಟ್ಟು ಬರುತ್ತದೆ.

ವಿನೆಗರ್ ಟೆಸ್ಟ್ ಅಂದರೆ ಬಡವರಿಗೆ ಸುಮ್ನೆ ಮಾಡುವ ಟೆಸ್ಟ್ ಅಂತ ಮೂಗು ಮುರಿಯುವವರಿದ್ದಾರೆ. ಮುಂಬೈನ ಟಾಟಾ ಆಸ್ಪತ್ರೆಯವರು ಅಲ್ಲಿನ ಕೊಳೆಗೇರಿಗಳಲ್ಲಿ ಸುಮಾರು ಒಂದೂವರೆ ಲಕ್ಷ ಹೆಂಗಸರ ಮೇಲೆ ದೊಡ್ಡ ಅಧ್ಯಯನ ಮಾಡಿದ್ದರು. ಟೆಸ್ಟ್ ಮಾಡಿದ್ದು ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರು, ಡಾಕ್ಟರುಗಳಲ್ಲ. ಈ ಕ್ಯಾನ್ಸರಿನಿಂದಾಗುವ ಸಾವು ಶೇ. 31ರಷ್ಟು ಇಳಿಯಿತು. ನಮ್ಮಂಥವರ ಕೈಯಲ್ಲೇ ಆದ ಕೆಲಸ ಅಲ್ವಾ, ಸ್ವಲ್ಪ ಹೆಮ್ಮೆ ನನಗೂ ಇದೆ.

ಟೆಸ್ಟ್ ಎಂದರೆ ಹಿಂದೆ ಸರಿಯಲು ಇನ್ನೊಂದು ಕಾರಣ ಮಾನದ ಭಯ. ಈ ಕ್ಯಾನ್ಸರಿಗೆ ಕಾರಣ ಎಚ್‌ಪಿವಿ, ಅದು ಲೈಂಗಿಕ ಸಂಪರ್ಕದಿಂದ ಬರುವ ವೈರಸ್ ಎಂದ ಕೂಡಲೇ ಮುಖ ಸಣ್ಣದಾಗುತ್ತದೆ. "ನಾನು ಅಂಥವಳಲ್ಲ ಸಿಸ್ಟರ್." ಅಂಥವರು ಇಂಥವರು ಎಂಬುದೇ ಇಲ್ಲಮ್ಮ. ಸಂಸಾರ ಮಾಡಿದ ಹೆಚ್ಚಿನ ಎಲ್ಲರಿಗೂ, ಗಂಡಸರಿಗೂ, ಯಾವಾಗಲಾದರೂ ಒಮ್ಮೆ ಅಂಟಿರುತ್ತದೆ. ಒಂದೆರಡು ವರ್ಷದಲ್ಲಿ ದೇಹವೇ ಅದನ್ನು ಓಡಿಸುತ್ತದೆ. ಕೆಲವರಲ್ಲಿ ಮಾತ್ರ ಹೋಗದೆ ಕೂತು, ಹತ್ತು ಹದಿನೈದು ವರ್ಷ ಸದ್ದಿಲ್ಲದೆ ಕೆಲಸ ಮಾಡುತ್ತದೆ. ಆ ಹತ್ತು ಹದಿನೈದು ವರ್ಷವೇ ನಮಗೆ ಸಿಗುವ ಅವಕಾಶ.

ಅದು ಕೈತಪ್ಪಿದರೆ ಏನಾಗುತ್ತದೆ ಎಂದು ಒಬ್ಬರಲ್ಲಿ ನೋಡಿದೆ. ಬಿಪಿ ಮಾತ್ರೆಗೆ ಬಂದವರು, ವಯಸ್ಸು ಐವತ್ತು ದಾಟಿತ್ತು. ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಾಣುತ್ತಿತ್ತು. ಉಷ್ಣ ಎಂದುಕೊಂಡು ಕಾಮಕಸ್ತೂರಿ ಬೀಜ ನೆನೆಹಾಕಿ ಕುಡಿಯುತ್ತಿದ್ದರು. ಸ್ಪೆಕ್ಯುಲಮ್ ತಾಗಿದ್ದೇ ರಕ್ತ ಬಂತು. ವಿನೆಗರ್ ಹಚ್ಚುವ ಅಗತ್ಯವೇ ಬೀಳಲಿಲ್ಲ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕಳಿಸಿದೆವು. ಆಪರೇಷನ್ ಮಾಡುವ ಹಂತ ದಾಟಿತ್ತು. ಐದು ವಾರ ಕರೆಂಟ್ (ರೇಡಿಯೇಷನ್), ವಾರಕ್ಕೊಂದು ಕಿಮೋ, ಆಮೇಲೆ ಒಳಗಿನಿಂದ ಕೊಡುವ ಕರೆಂಟ್. ಬಿಪಿಎಲ್ ಕಾರ್ಡ್ ಇದ್ದದ್ದರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಚಿಕಿತ್ಸೆಯ ಖರ್ಚು ಹೋಯಿತು. ಊಟ, ಬಸ್ಸು, ಮಗನ ಕೂಲಿ ತಪ್ಪಿದ್ದು ಯಾವ ಯೋಜನೆಯಲ್ಲೂ ಬರುವುದಿಲ್ಲ. ರಾಗಿ ಕೊಯ್ಲಿಗೆ ಅಂತ ನಡುವೆ ಊರಿಗೆ ಬರುತ್ತೇನೆ ಎಂದು ಫೋನ್ ಮಾಡಿದ್ದರು. ಬೈದು ನಿಲ್ಲಿಸಿದೆ. ಈ ಚಿಕಿತ್ಸೆ ಮಧ್ಯೆ ಬಿಟ್ಟರೆ ರೋಗಕ್ಕೇ ಅನುಕೂಲ. ಈಗ ಚೆನ್ನಾಗಿದ್ದಾರೆ, ಫಾಲೋಅಪ್‌ಗೆ ಹೋಗಿಬರುತ್ತಾರೆ.

ಇನ್ನು ಸೂಜಿಯ ವಿಷಯ. ಈ ಕ್ಯಾನ್ಸರುಗಳಲ್ಲಿ ಶೇ. 70ರಷ್ಟಕ್ಕೆ ಎಚ್‌ಪಿವಿ 16 ಮತ್ತು 18 ಎಂಬ ಎರಡೇ ತಳಿಗಳು ಕಾರಣ. ಅವೆರಡನ್ನೂ ಲಸಿಕೆ ತಡೆಯುತ್ತದೆ. ಗಾರ್ಡಸಿಲ್ ಎಂಬ ಲಸಿಕೆ ಮೊದಲಿಂದ ಇತ್ತು. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟಿನ ಸರ್ವಾವ್ಯಾಕ್ 2023ರಲ್ಲಿ ಬಂತು, ಬೆಲೆಯೂ ಕಡಿಮೆ. "ಅವಳಿಗಿನ್ನೂ ಹನ್ನೊಂದು, ಈಗಲೇ ಯಾಕೆ?" ಎನ್ನುತ್ತಾರೆ. ವೈರಸ್ ತಾಗುವ ಮೊದಲು ಹಾಕಿದರೇ ಪೂರ್ತಿ ಪ್ರಯೋಜನ, ಅದಕ್ಕೇ 9ರಿಂದ 14 ಸರಿಯಾದ ವಯಸ್ಸು. ಆರು ತಿಂಗಳ ಅಂತರದಲ್ಲಿ ಎರಡು ಡೋಸ್, 15 ದಾಟಿದರೆ ಮೂರು. ಒಂದೇ ಡೋಸೂ ನಡೆಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಮಕ್ಕಳಾಗುವುದಿಲ್ಲ ಎಂಬುದು ಬರೀ ಪುಕಾರು. ಸ್ಕಾಟ್ಲೆಂಡಿನಲ್ಲಿ 12–13ರಲ್ಲಿ ಲಸಿಕೆ ಪಡೆದ ಹುಡುಗಿಯರ ಲೆಕ್ಕ ತೆಗೆದಾಗ, ಅವರಲ್ಲಿ ಒಬ್ಬರಿಗೂ ಈ ಕ್ಯಾನ್ಸರ್ ಬಂದಿರಲಿಲ್ಲ. 2024ರ ಶುರುವಿನಲ್ಲಿ ಬಂದ ವರದಿ ಅದು.

ಆದರೆ ನಲವತ್ತರ ಅಮ್ಮನಿಗೆ ಸೂಜಿಯಿಂದ ಆಗುವ ಲಾಭ ಕಡಿಮೆ. ಅವರಿಗೆ ಬೇಕಾದದ್ದು ಟೆಸ್ಟ್. 30 ದಾಟಿದವರು ಐದು ವರ್ಷಕ್ಕೊಮ್ಮೆ ಮಾಡಿಸಬೇಕು. ಮುಟ್ಟು ನಿಂತವರಲ್ಲಿ ವಿನೆಗರ್ ಹಚ್ಚಿದರೂ ನೋಡಬೇಕಾದ ಜಾಗ ಒಳಗೆ ಸರಿದಿರುತ್ತದೆ. ಅವರು ಪ್ಯಾಪ್ (ಗರ್ಭಕೋಶದ ಬಾಯಿಯಿಂದ ಜೀವಕೋಶ ಸವರಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಟೆಸ್ಟ್) ಅಥವಾ ಎಚ್‌ಪಿವಿ ಟೆಸ್ಟ್ ಮಾಡಿಸುವುದು ಒಳ್ಳೆಯದು.

ಬರುವವರು ಮುಟ್ಟಿನ ದಿನ ಬಿಟ್ಟು ಬನ್ನಿ. ಚೂಡಿದಾರದಲ್ಲಿ ಬಂದು, ಪ್ಯಾಂಟ್ ಬಿಚ್ಚಬೇಕಲ್ಲ ಅಂತ ವಾಪಸ್ ಹೋದವರಿದ್ದಾರೆ. ಅದಕ್ಕೇ ಒಗೆದ ಲಂಗಗಳನ್ನು ಬೀರುವಿನಲ್ಲಿ ಇಟ್ಟಿದ್ದೇನೆ. ಬಾಗಿಲಿಗೆ ಗಟ್ಟಿ ಚಿಲಕವೂ ಇದೆ.