ನನ್ನ ಡಿಗ್ರಿಯ ಮೂರನೇ ಅಕ್ಷರ

ಹೋದ ವಾರ ಒಪಿಡಿಯಲ್ಲಿ ಹೌಸ್ ಸರ್ಜನ್ ಹುಡುಗಿಯೊಬ್ಬಳು ಕೇಳಿದಳು, "ಮೇಡಂ, ನಾನೂ ಡರ್ಮಾ ತಗೊಳ್ಳೋಣ ಅಂತಿದೀನಿ. ನೈಟ್ ಡ್ಯೂಟಿ ಇರಲ್ಲ, ಎಮರ್ಜೆನ್ಸಿ ಇರಲ್ಲ, ಲೇಸರ್ ಕಲಿತರೆ ಕ್ಲಿನಿಕ್ಕೂ ನಡೆಯುತ್ತೆ ಅಲ್ವಾ?"

ಡರ್ಮಾ ಅಂದರೆ ನನ್ನ ವಿಭಾಗ, ಚರ್ಮರೋಗ. ಹಾಗೆ ಕೇಳಿದ್ದರಲ್ಲಿ ತಪ್ಪೇನಿಲ್ಲ. ಎಂಬಿಬಿಎಸ್ಸಿಗೆ ಐದೂವರೆ ವರ್ಷ, ಆಮೇಲೆ ನೀಟ್ ಪಿಜಿ, ಮತ್ತೆ ಮೂರು ವರ್ಷ ಎಂಡಿ. ಎಮರ್ಜೆನ್ಸಿ ಇರಲ್ಲ ಅನ್ನೋದು ಮಾತ್ರ ನಿಜ ಅಲ್ಲ. ಮಾತ್ರೆ ಒಗ್ಗದೆ ಮೈ ಚರ್ಮವೆಲ್ಲ ಸುಲಿದು ಬಂದವರ ಪಕ್ಕ ರಾತ್ರಿಯಿಡೀ ಕೂತಿದ್ದೇನೆ.

ನಮ್ಮ ಡಿಗ್ರಿಯ ಪೂರ್ತಿ ಹೆಸರು ಡಿವಿಎಲ್. ಡರ್ಮಟಾಲಜಿ, ವೆನೆರಿಯಾಲಜಿ, ಲೆಪ್ರಸಿ. ಚರ್ಮ, ಗುಪ್ತರೋಗ, ಕುಷ್ಠ. ಮೈಸೂರಿನಲ್ಲಿ ಓದುವಾಗ ಈ ಮೂರನೆಯದು ಪರೀಕ್ಷೆಗಷ್ಟೇ ಬೇಕು ಅಂದುಕೊಂಡಿದ್ದೆ. 2005ರ ಕೊನೆಗೇ ದೇಶದಲ್ಲಿ ರೋಗಿಗಳು ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆಯಾಗಿದ್ದರು. ಮುಗಿದ ಕಥೆ ಅಂತಲೇ ನಂಬಿದ್ದೆ.

ಮಂಡ್ಯಕ್ಕೆ ಬಂದ ಮೇಲೆ ಆಲೆಮನೆಯಲ್ಲಿ ದುಡಿಯುವ ಒಬ್ಬರು ಬಂದರು. ಬೆಲ್ಲದ ಕೊಪ್ಪರಿಗೆ ತಗುಲಿ ಬಲಗೈ ಕಿರುಬೆರಳಿನ ಕೆಳಗೆ ಅಂಗೈ ಅಂಚು ಸುಟ್ಟಿತ್ತು. ಬೊಬ್ಬೆ ಒಡೆದು ಕೆಂಪಗೆ ಕಾಣುತ್ತಿತ್ತು. ನಾನು ಅಂಟಿಕೊಂಡ ಬಟ್ಟೆ ಬಿಡಿಸುತ್ತಿದ್ದರೆ ಅವರು ಹೆಂಡತಿ ಜೊತೆ ಬಸ್ಸಿನ ಮಾತು ಆಡುತ್ತಿದ್ದರು. "ನೋಯಲ್ವಾ?" ಅಂದೆ. "ನೋವೇನಿಲ್ಲ ಕಣವ್ವ, ಮುಲಾಮು ಬರ್ಕೊಡಿ ಸಾಕು."

ಸುಟ್ಟ ಗಾಯ ನೋಯಲೇಬೇಕಲ್ಲ. ಅಂಗಿ ತೆಗೆಸಿ ನೋಡಿದೆ. ಬೆನ್ನು, ತೋಳಿನ ಮೇಲೆ ತಾಮ್ರದ ಬಣ್ಣದ ಏಳು ಮಚ್ಚೆ. ಕಣ್ಣು ಮುಚ್ಚಿಸಿ, ಹತ್ತಿಯ ಎಳೆ ತಾಗಿಸುತ್ತಾ, ಮುಟ್ಟಿದ ಕಡೆ ಬೆರಳಿಡಿ ಅಂದೆ. ಮಚ್ಚೆಯಿಂದ ಆಚೆ ಮುಟ್ಟಿದಾಗ ತಕ್ಷಣ ಬೆರಳಿಟ್ಟರು. ಮಚ್ಚೆಯ ಮೇಲೆ ಮುಟ್ಟಿದಾಗ ಸುಮ್ನೆ ಕೂತಿದ್ದರು, ಇನ್ನೂ ಮುಟ್ಟಿಲ್ಲವೇನೋ ಅನ್ನುವ ಹಾಗೆ. ಮೊಣಕೈ ಹಿಂದೆ, ಏಟು ಬಿದ್ದರೆ ಜುಂ ಅನ್ನುತ್ತದಲ್ಲ, ಆ ಜಾಗದ ನರ ದಪ್ಪಗೆ ಊದಿಕೊಂಡಿತ್ತು.

ಎರಡು ವರ್ಷದಿಂದ ಹುಳುಕಡ್ಡಿ ಅಂತ ಯಾರೋ ಕೊಟ್ಟ ಕ್ರೀಮ್ ಹಚ್ಚುತ್ತಿದ್ದರಂತೆ. ಹುಳುಕಡ್ಡಿ ತುರಿಸುತ್ತದೆ, ನಿದ್ದೆ ಕೆಡಿಸುತ್ತದೆ, ಜನ ಓಡಿ ಬರುತ್ತಾರೆ. ಈ ಮಚ್ಚೆ ತುರಿಸುವುದಿಲ್ಲ, ನೋಯುವುದಿಲ್ಲ. ಅದಕ್ಕೇ ತಡವಾಗುತ್ತದೆ.

ಕಾಯಿಲೆಯ ಹೆಸರು ಹೇಳಿದಾಗ ಅವರ ಹೆಂಡತಿ ದನಿ ತಗ್ಗಿಸಿ ಕೇಳಿದ್ದು ಒಂದೇ, "ತಟ್ಟೆ ಲೋಟ ಬೇರೆ ಮಡಗ್ಬೇಕಾ?" ಬೇಡ ಅಂದೆ. ಔಷಧಿ ಶುರುವಾದ ಮೇಲೆ ಬೇಗನೆ ಹರಡುವುದು ನಿಲ್ಲುತ್ತದೆ. ಇಂಥವರಿಗೆ 12 ತಿಂಗಳು, ತಿಂಗಳಿಗೊಂದು ಪ್ಯಾಕು. ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೋಫಜಿಮಿನ್, ಮೂರೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಮೂತ್ರ ಕೆಂಪಾಗುತ್ತೆ, ಮೈ ಬಣ್ಣ ಸ್ವಲ್ಪ ಕಪ್ಪಾಗುತ್ತೆ ಅಂತ ಮೊದಲ ದಿನವೇ ಹೇಳಿಬಿಡಬೇಕು. ಇಲ್ಲದಿದ್ದರೆ ಹೆದರಿ ಅರ್ಧಕ್ಕೇ ನಿಲ್ಲಿಸಿಬಿಡುತ್ತಾರೆ.

ಅವರು ಹನ್ನೆರಡೂ ಪ್ಯಾಕು ಮುಗಿಸಿದರು. ಮಚ್ಚೆಗಳು ಮಾಸಿವೆ. ಕಿರುಬೆರಳಿನ ಸ್ಪರ್ಶ ಮಾತ್ರ ವಾಪಸ್ ಬಂದಿಲ್ಲ, ಬೆರಳು ಸ್ವಲ್ಪ ಮಡಚಿಕೊಂಡಿದೆ. ಮೊದಲೇ ಯಾರಾದರೂ ಅಂಗಿ ತೆಗೆಸಿ ನೋಡಿದ್ದರೆ ಆ ಬೆರಳು ಉಳಿಯುತ್ತಿತ್ತೇನೋ ಅನ್ನುವ ಸಂಕಟ ನನಗೆ ಇನ್ನೂ ಇದೆ.

ಹುಡುಗಿ ಪ್ರಶ್ನೆ ಕೇಳಿದ ದಿನ ಅವರೂ ಚೆಕಪ್ಪಿಗೆ ಬಂದಿದ್ದರು. ಒಳಗೆ ಕರೆದು, ಅವರನ್ನೊಂದು ಮಾತು ಕೇಳಿ, ಇವಳ ಬೆರಳನ್ನು ಅವರ ಮೊಣಕೈ ಹಿಂದೆ ಇಡಿಸಿದೆ. ಮೆಲ್ಲಗೆ ಹೊರಳಿಸಿ ನೋಡು ಅಂದೆ.

"ಮೇಡಂ, ಹುರಿ ಇದ್ದ ಹಾಗಿದೆ."

"ಈ ಕೈನೂ ನೋಡವ್ವ, ವ್ಯತ್ಯಾಸ ಗೊತ್ತಾಯ್ತದೆ" ಅಂತ ಅವರೇ ಎಡಗೈ ತೋಳು ಮಡಚಿ ಅವಳ ಮುಂದೆ ಚಾಚಿದರು.