ಎರಡು ದೋಣಿ, ತೊಂಬತ್ತು ಮೈಲಿ

ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದ ಆಡಿರಾಂಡ್ಯಾಕ್ ಬೆಟ್ಟಸೀಮೆಯಲ್ಲಿ ಓಲ್ಡ್ ಫೋರ್ಜ್ ಎಂಬ ಊರಿದೆ. ಅಲ್ಲಿಂದ ಸ್ಯಾರನ್ಯಾಕ್ ಲೇಕ್ ಎಂಬ ಇನ್ನೊಂದು ಊರಿಗೆ ಕಾರಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ಅದನ್ನೇ ಮೂರು ದಿನ ಹುಟ್ಟು ಹಾಕಿಕೊಂಡು, ನಡುನಡುವೆ ದೋಣಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗಲು ದುಡ್ಡು ಕೊಟ್ಟು ಹೆಸರು ಬರೆಸುವವರಿದ್ದಾರೆ. ಆ ಸಾಲಿನಲ್ಲಿ ನಾನೂ ನನ್ನ ಚಿಕ್ಕಪ್ಪನ ಮಗನೂ ನಿಂತಿದ್ದೆವು.

ಸ್ಪರ್ಧೆಯ ಹೆಸರು ಆಡಿರಾಂಡ್ಯಾಕ್ ಕೆನೂ ಕ್ಲಾಸಿಕ್. 1983ರಲ್ಲಿ ಶುರುವಾದದ್ದು. ಎಲ್ಲರೂ ಕರೆಯುವುದು ಮಾತ್ರ ‘ನೈಂಟಿ ಮೈಲರ್’ ಎಂದು. ತೊಂಬತ್ತು ಮೈಲಿ ಎಂದರೆ ಸುಮಾರು 145 ಕಿಲೋಮೀಟರ್. ಸೆಪ್ಟೆಂಬರ್ ಆರಂಭದಲ್ಲಿ, ಬೇಸಿಗೆಯ ಪ್ರವಾಸಿಗಳು ಮನೆಗೆ ಮರಳಿ ಮೇಪಲ್ ಮರಗಳು ಅಲ್ಲೊಂದು ಇಲ್ಲೊಂದು ಕೆಂಪಾಗುವ ಹೊತ್ತಿಗೆ ಇದು ನಡೆಯುತ್ತದೆ. ಈ ಸೀಮೆಯಲ್ಲಿ ರಸ್ತೆಗಳಿಲ್ಲದ ಕಾಲಕ್ಕೆ ಈ ಸರೋವರಗಳ ಸರಪಣಿಯೇ ಹೆದ್ದಾರಿಯಾಗಿತ್ತು. ಮೂಲನಿವಾಸಿಗಳು, ಆಮೇಲೆ ಬೇಟೆಗಾರರು, ಹತ್ತೊಂಬತ್ತನೆಯ ಶತಮಾನದಲ್ಲಿ ಪಟ್ಟಣದಿಂದ ಬಂದ ಶ್ರೀಮಂತರನ್ನು ಕೂರಿಸಿಕೊಂಡು ಹೋಗುತ್ತಿದ್ದ ಮಾರ್ಗದರ್ಶಿಗಳು, ಎಲ್ಲರದೂ ಇದೇ ಹಾದಿ. ಆ ಮಾರ್ಗದರ್ಶಿಗಳ ‘ಗೈಡ್‌ಬೋಟ್’ ಈಗಲೂ ಸ್ಪರ್ಧೆಯಲ್ಲಿ ಇಳಿಯುತ್ತದೆ. ತೆಳು ಹಲಗೆಗಳ ನಯವಾದ ದೋಣಿ. ನಡೆಸುವವನು ಗುರಿಗೆ ಬೆನ್ನು ಹಾಕಿ ಕುಳಿತು ಎರಡು ಉದ್ದ ಹುಟ್ಟುಗಳನ್ನು ಎಳೆಯುತ್ತಾನೆ. ನಮ್ಮನ್ನು ದಾಟಿ ಹೋದ ಮೇಲೂ ಅವನ ಮುಖವೇ ನಮಗೆ ಕಾಣುತ್ತಿರುತ್ತದೆ. ಸೋತವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕಿಲ್ಲ.

ನಾನು ಕುಳಿತದ್ದು ಇಬ್ಬರು ಸಾಗಿಸುವ, ಮೇಲೆ ತೆರೆದಿರುವ ಕೆನೂ ಎಂಬ ದೋಣಿಯ ಮುಂದಿನ ಆಸನದಲ್ಲಿ. ಹಿಂದೆ ಕುಳಿತು ದಿಕ್ಕು ನೋಡಿಕೊಂಡವರು ಈ ಸೀಮೆಯಲ್ಲೇ ಹುಟ್ಟಿ ಬೆಳೆದ ನಿವೃತ್ತ ಮೇಷ್ಟ್ರು. ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯರು, ತೋಳಿನಲ್ಲಿ ಕಿರಿಯರು. ಈ ಬಗೆಯ ಕೆನೂವಿನಲ್ಲಿ ಒಬ್ಬರು ಎಡಕ್ಕೆ, ಇನ್ನೊಬ್ಬರು ಬಲಕ್ಕೆ ಹುಟ್ಟು ಹಾಕಬೇಕು. ಎಂಟು ಹತ್ತು ಎಳೆತಕ್ಕೊಮ್ಮೆ ಹಿಂದಿನವರು ‘ಹಟ್’ ಎಂದು ಕೂಗುತ್ತಾರೆ, ಇಬ್ಬರೂ ಒಟ್ಟಿಗೆ ಬದಿ ಬದಲಿಸುತ್ತಾರೆ. ಹುಟ್ಟಿನ ಹಿಡಿ ಅಲಗಿನ ಬಳಿ ಕೊಂಚ ಬಾಗಿರುತ್ತದೆ. ನೀರಿನಿಂದ ಹೊರಬರುವಾಗ ಅಲಗು ನೀರನ್ನು ಮೇಲಕ್ಕೆ ಎತ್ತಿ ಶಕ್ತಿ ಪೋಲು ಮಾಡದಿರಲಿ ಎಂದು. ನಿಮಿಷಕ್ಕೆ ಅರವತ್ತರ ಮೇಲೆ ಎಳೆತ. ಕುಡಿಯಲು ಕೈ ಬಿಡುವಂತಿಲ್ಲವಾದ್ದರಿಂದ ಕಾಲ ಬಳಿಯ ಕ್ಯಾನಿನಿಂದ ಬರುವ ಪ್ಲಾಸ್ಟಿಕ್ ಕೊಳವೆಯನ್ನು ಜೀವರಕ್ಷಕ ಜಾಕೆಟ್ಟಿಗೆ ಸಿಕ್ಕಿಸಿ, ಬಾಯಿ ತಿರುಗಿಸಿದರೆ ಸಿಗುವಂತೆ ಮಾಡಿಕೊಂಡಿದ್ದೆವು.

ತಮ್ಮನದು ಬೇರೆಯೇ ಜಾತಿಯ ದೋಣಿ, ಸರ್ಫ್‌ಸ್ಕೀ. ಆಸ್ಟ್ರೇಲಿಯದ ಕಡಲ ಜೀವರಕ್ಷಕರ ನಡುವೆ ಬೆಳೆದ, ಆರು ಮೀಟರಿಗೂ ಉದ್ದವಾದ, ಸೊಂಟ ಹಿಡಿಯುವಷ್ಟೇ ಅಗಲವಾದ ವಾಹನ. ಅದರೊಳಗೆ ಕೂರುವುದಿಲ್ಲ, ಮೇಲೆ ಕೊರೆದ ಗುಳಿಯಲ್ಲಿ ಕೂರುತ್ತಾರೆ. ಕಾಲಿನ ಪೆಡಲ್ ಒತ್ತಿದರೆ ಹಿಂಬದಿಯ ತಳದಲ್ಲಿರುವ ಚುಕ್ಕಾಣಿ ತಿರುಗುತ್ತದೆ. ಒಳಗೆ ಬಿದ್ದ ನೀರು, ದೋಣಿ ಓಡುತ್ತಿರುವಷ್ಟು ಹೊತ್ತು, ತಳದ ರಂಧ್ರದಿಂದ ತಾನೇ ಹೊರಹೋಗುತ್ತದೆ. ಸಮುದ್ರದಲ್ಲಿ ಬೆನ್ನ ಹಿಂದಿನ ಅಲೆಯನ್ನು ಹಿಡಿದು ಸವಾರಿ ಮಾಡಲೆಂದೇ ಹುಟ್ಟಿದ ದೋಣಿಯನ್ನು ಬೆಟ್ಟದ ಸರೋವರಕ್ಕೆ ತರುವುದು ಏಕೆ ಎಂದು ಕೇಳಿದರೆ, “ಅಣ್ಣ, ಸರೋವರಕ್ಕೂ ಗಾಳಿ ಬೀಸುತ್ತದೆಯಲ್ಲ” ಎಂದ. ಅವನು ಹೇಳಿದ್ದು ನಿಜವೇ. ಆದರೆ ಈ ಹಾದಿಯಲ್ಲಿ ಸರೋವರ ಮಾತ್ರ ಇಲ್ಲ.

ಮೊದಲ ದಿನದ ಹಾದಿ ಸುಮಾರು 56 ಕಿಲೋಮೀಟರ್. ಇನ್ನೂರಕ್ಕೂ ಹೆಚ್ಚು ದೋಣಿಗಳನ್ನು ಒಟ್ಟಿಗೆ ಬಿಟ್ಟರೆ ಓಲ್ಡ್ ಫೋರ್ಜ್ ಕೆರೆಯಲ್ಲಿ ಹುಟ್ಟಿಗೆ ಹುಟ್ಟು ತಗುಲುತ್ತದೆ. ಆದ್ದರಿಂದ ವರ್ಗವಾರು ತಂಡಗಳಾಗಿ, ಕೆಲವು ನಿಮಿಷಗಳ ಅಂತರದಲ್ಲಿ ಬಿಡುತ್ತಾರೆ. ಇಲ್ಲಿಂದ ಫುಲ್ಟನ್ ಚೈನ್ ಎಂಬ ಎಂಟು ಸರೋವರಗಳ ಸಾಲು. ಹೆಸರಿಡುವಾಗ ಯಾರಿಗೋ ಬೇಸರ ಬಂದಿರಬೇಕು, ಒಂದನೆಯ ಸರೋವರ, ಎರಡನೆಯ ಸರೋವರ ಎಂದು ಎಂಟರವರೆಗೂ ಎಣಿಸಿ ಕೈಬಿಟ್ಟಿದ್ದಾರೆ. ಅಗಲ ನೀರಿನಲ್ಲಿ ಎಲ್ಲರೂ ಮುಂದಿನ ದೋಣಿಯ ಅಲೆಗೆ ಅಂಟಿಕೊಂಡು ಹೋಗಲು ನೋಡುತ್ತಾರೆ. ಮುಂದಿನವನು ಸೀಳಿದ ನೀರಿನ ಇಳಿಜಾರಿನಲ್ಲಿ ನಮ್ಮ ಮೂತಿಯನ್ನು ಇಟ್ಟುಕೊಂಡರೆ ಅಷ್ಟೇ ವೇಗಕ್ಕೆ ಎಷ್ಟೋ ಕಡಿಮೆ ಶ್ರಮ ಸಾಕು. ನ್ಯಾಯ ಎಂದರೆ ಸರದಿಯಂತೆ ಮುಂದೆ ಹೋಗಿ ಎಳೆಯಬೇಕು. ಎಳೆಯದೆ ಹಿಂದೆಯೇ ಕುಳಿತವರನ್ನು ಮೇಷ್ಟ್ರು ಮಾತಾಡಿಸುವುದಿಲ್ಲ, ಆಳ ಕಡಿಮೆ ಇರುವ ಕಡೆಗೆ ದೋಣಿ ತಿರುಗಿಸುತ್ತಾರೆ. ಮೊಣಕಾಲುದ್ದದ ನೀರಿನಲ್ಲಿ ದೋಣಿಯ ಹಿಂಭಾಗ ಕೆಳಕ್ಕೆ ಕುಸಿಯುತ್ತದೆ, ಮೂತಿ ಮೇಲೇಳುತ್ತದೆ, ತಾನೇ ಎಬ್ಬಿಸಿದ ಅಲೆಯನ್ನು ಹತ್ತಲಾರದೆ ದೋಣಿ ಒದ್ದಾಡುತ್ತದೆ. ಆ ನೀರಿನ ಮರ್ಮ ಅರಿತವರು ನಾಲ್ಕು ಗಟ್ಟಿ ಎಳೆತದಲ್ಲಿ ಅಲೆಯ ಮೇಲಕ್ಕೆ ಹಾರಿ ಪಾರಾಗುತ್ತಾರೆ. ಅರಿಯದವರು ಅಲ್ಲೇ ಉಳಿಯುತ್ತಾರೆ.

ಐದನೆಯ ಸರೋವರ ಮುಗಿದಲ್ಲಿ ಮೊದಲ ‘ಕ್ಯಾರಿ’. ನೀರು ತುಂಡಾದ ಕಡೆ ದೋಣಿ ಹೊತ್ತು ನಡೆಯುವ ಹಾದಿಗಳಿಗೆ ಇಲ್ಲಿಯವರು ಹೇಳುವುದು ಹಾಗೆ. ಮೂರು ದಿನಕ್ಕೆ ಸೇರಿ ಹತ್ತಿರ ಹತ್ತಿರ ಎಂಟು ಕಿಲೋಮೀಟರ್ ಹೀಗೆ ನಡೆಯಬೇಕು. ಏಳನೆಯದರಿಂದ ಎಂಟನೆಯದಕ್ಕೊಂದು, ಎಂಟನೆಯದರಿಂದ ಬ್ರೌನ್ಸ್ ಟ್ರ್ಯಾಕ್ಟ್ ಎಂಬ ತೊರೆಗೆ ಇನ್ನೊಂದು. ನಾವಿಬ್ಬರು ಕೆನೂವನ್ನು ಹೆಗಲಿಗೇರಿಸಿ ಕುಕ್ಕುಲೋಟದಲ್ಲಿ ಹೋದೆವು. ತಮ್ಮ ಒಬ್ಬಂಟಿ. ಚಕ್ರದ ಗಾಡಿ ಕಟ್ಟಿಕೊಳ್ಳಬಹುದು, ಕಟ್ಟಿಕೊಂಡೂ ಇದ್ದ. ಆದರೆ ಅದನ್ನು ಬಿಗಿಯಲು, ಬಿಚ್ಚಲು, ಮತ್ತೆ ದೋಣಿಯ ಮೇಲೆ ಕಟ್ಟಲು ಹಿಡಿದ ಹೊತ್ತಿನಲ್ಲಿ ನೀರಿನ ಮೇಲೆ ಗಳಿಸಿದ್ದೆಲ್ಲ ಹೋಯಿತು.

ಬ್ರೌನ್ಸ್ ಟ್ರ್ಯಾಕ್ಟಿನಲ್ಲಿ ಅವನನ್ನು ನೋಡಿ ನಗಬಾರದಿತ್ತು, ನಕ್ಕೆ. ಆ ತೊರೆ ಜೌಗಿನ ನಡುವೆ ಹಾವಿನಂತೆ ಸುತ್ತಿ ಸುತ್ತಿ ಹರಿಯುತ್ತದೆ. ಕೆಲವು ತಿರುವುಗಳಲ್ಲಿ ಹುಟ್ಟು ತಿರುಗಿಸಲೂ ಜಾಗವಿಲ್ಲ. ಎರಡೂ ದಡದಲ್ಲಿ ಆಳೆತ್ತರದ ಪೊದೆ. ಬೀವರ್‌ಗಳು ಕಡ್ಡಿ, ಕೆಸರು ಸೇರಿಸಿ ಕಟ್ಟಿದ ಒಡ್ಡುಗಳು ಬೇರೆ. ಅಂಥ ಒಡ್ಡಿನ ಬಳಿ ದೋಣಿಯಿಂದ ಇಳಿದು, ತೊಡೆಮಟ್ಟದ ಕಪ್ಪು ಕೆಸರಿನಲ್ಲಿ ಕಾಲೂರಿ, ದೋಣಿಯನ್ನು ಅದರ ಮೇಲೆ ಜಾರಿಸಿ ಮತ್ತೆ ಹತ್ತಬೇಕು. ಕೆನೂವಿಗೆ ತಳದಲ್ಲಿ ಏನೂ ಚಾಚಿಕೊಂಡಿಲ್ಲ. ತಿರುವು ಬಂದಾಗ ಮೇಷ್ಟ್ರು ದೋಣಿಯನ್ನು ಒಂದು ಪಕ್ಕಕ್ಕೆ ಒರಗಿಸುತ್ತಾರೆ, ನಾನು ಮುಂದೆ ಹುಟ್ಟನ್ನು ಅಡ್ಡ ಹಿಡಿದು ಮೂತಿಯನ್ನು ಒಳಕ್ಕೆ ಎಳೆಯುತ್ತೇನೆ, ಅಷ್ಟರಲ್ಲಿ ತಿರುವು ಮುಗಿದಿರುತ್ತದೆ. ಸರ್ಫ್‌ಸ್ಕೀಯ ಚುಕ್ಕಾಣಿ ಕಡ್ಡಿಗೆ ಸಿಕ್ಕಿಕೊಳ್ಳುತ್ತದೆ, ನೀರಹುಲ್ಲನ್ನು ಗುಡ್ಡೆಹಾಕಿಕೊಂಡು ಬರುತ್ತದೆ. ನಾವು ಹಿಂದಿನಿಂದ ಬಂದಾಗ ತಮ್ಮ ಪೊದೆಯೊಳಗೆ ಮೂತಿ ತೂರಿಸಿ, ಹೊಳೆಗೆ ಅಡ್ಡಲಾಗಿ ಸಿಕ್ಕಿಬಿದ್ದಿದ್ದ. ಹಿಂದೆ ನಾಲ್ಕಾರು ದೋಣಿಗಳು ಕಾದಿದ್ದವು.

“ಏನೋ, ದಾರಿ ಬಿಡುತ್ತೀಯೋ ಇಲ್ಲವೋ?” ಎಂದೆ.

“ಬಿಡುತ್ತೇನೆ ಅಣ್ಣ, ಮೊದಲು ಈ ಗಿಡ ನನ್ನನ್ನು ಬಿಡಲಿ.”

ಆ ಸೇಡನ್ನು ಅವನು ಮುಕ್ಕಾಲು ಗಂಟೆಯಲ್ಲೇ ತೀರಿಸಿಕೊಂಡ. ತೊರೆ ತೆರೆದುಕೊಳ್ಳುವುದು ರ‍್ಯಾಕೆಟ್ ಸರೋವರಕ್ಕೆ. ಕೊಲ್ಲಿಗಳು, ಮೂಲೆಗಳು, ನಡುಗಡ್ಡೆಗಳು ತುಂಬಿದ ದೊಡ್ಡ ನೀರು. ಅದನ್ನು ಪೂರ್ವಕ್ಕೆ ಹಾಯಬೇಕು. ಪಡುವಣ ಗಾಳಿ ಎದ್ದಿತ್ತು. ಬಿಳಿನೊರೆ ಒಡೆಯುವ ಅಲೆಗಳು ಹಿಂದಿನಿಂದ, ಸ್ವಲ್ಪ ಓರೆಯಾಗಿ ಬರುತ್ತಿದ್ದವು. ತೆರೆದ ಕೆನೂವಿಗೆ ಈ ದಿಕ್ಕಿನ ಅಲೆಯಷ್ಟು ಕಿರಿಕಿರಿ ಇನ್ನಿಲ್ಲ. ಅಲೆ ಹಿಂಭಾಗವನ್ನು ಎತ್ತಿ ಪಕ್ಕಕ್ಕೆ ತಳ್ಳುತ್ತದೆ, ಮೂತಿ ತಗ್ಗಿನಲ್ಲಿ ಹೂತು ನನ್ನ ಮಡಿಲಿಗೆ ನೀರು ಸುರಿಯುತ್ತದೆ. ಮೇಷ್ಟ್ರು ‘ಹಟ್’ ಕೂಗುವುದನ್ನು ನಿಲ್ಲಿಸಿ ಒಂದೇ ಬದಿಗೆ ಎಳೆಯುತ್ತ ದೋಣಿ ನೆಟ್ಟಗಿಡಲು ಹೆಣಗುತ್ತಿದ್ದರು. ಪಾದದ ಸುತ್ತ ನೀರು ಅತ್ತಿಂದಿತ್ತ ಓಡಾಡಿ, ಓಡಿದ ಕಡೆಗೆಲ್ಲ ದೋಣಿಯನ್ನು ವಾಲಿಸುತ್ತಿತ್ತು. ನಾನು ಹುಟ್ಟನ್ನು ನೀರಿಗೆ ಒತ್ತಿ ಆಸರೆ ಹಿಡಿದು, ದಡವನ್ನು ನೋಡುವುದನ್ನೇ ಬಿಟ್ಟಿದ್ದೆ.

ಆಗ ಎಡಗಡೆಯಿಂದ ತಮ್ಮ ಬಂದ. ಬಂದ ಎನ್ನುವುದಕ್ಕಿಂತ ಜಾರಿದ. ಅಲೆ ಹಿಂಭಾಗವನ್ನು ಎತ್ತುವ ಹೊತ್ತಿಗೆ ಸರಿಯಾಗಿ ನಾಲ್ಕು ಬಿರುಸಾದ ಎಳೆತ, ಆಮೇಲೆ ಹುಟ್ಟನ್ನು ಸುಮ್ಮನೆ ನೀರಿಗೆ ಸವರಿಕೊಂಡು ಕೂರುವುದು. ಆ ಅಲೆ ಸೋತರೆ ಅದರ ಮುಂದಿನ ತಗ್ಗಿಗೆ ಮೂತಿ ತಿರುಗಿಸಿ ಇನ್ನೊಂದನ್ನು ಹಿಡಿಯುವುದು. ಮೈತುಂಬ ನೀರು ಸಿಡಿಯುತ್ತಿತ್ತು, ದೋಣಿಯೊಳಗೆ ಒಂದು ಹನಿ ನಿಲ್ಲುತ್ತಿರಲಿಲ್ಲ. ನಮಗೆ ಗಂಡಾಂತರವಾಗಿದ್ದ ನೀರು ಅವನಿಗೆ ಆಟದ ಮೈದಾನ. ಕೈ ಬೀಸಲೂ ಅವನಿಗೆ ಬಿಡುವಿತ್ತು. ಎದುರಿನ ಮೇರಿಯನ್ ನದಿಯ ಬಾಯಿ ಸೇರುವಷ್ಟರಲ್ಲಿ ಅವನ ಕೆಂಪು ಟೋಪಿಯೂ ಕಾಣದಾಗಿತ್ತು.

ಮೇರಿಯನ್ ನದಿ ಮುಗಿದಲ್ಲಿ ಇನ್ನೊಂದು ಕ್ಯಾರಿ. ಇದರ ಕಥೆ ಸ್ವಾರಸ್ಯವಾಗಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಒಂದು ಸ್ಟೀಮರಿನಿಂದ ಇಳಿದು ಮುಂದಿನ ಸ್ಟೀಮರ್ ಹತ್ತಬೇಕಿದ್ದ ಪ್ರವಾಸಿಗಳು ನಡೆಯಬಾರದೆಂದು ಇಷ್ಟು ದೂರಕ್ಕೇ ಒಂದು ರೈಲು ಹಾಕಿದ್ದರು. ಮುಕ್ಕಾಲು ಮೈಲಿಯ ರೈಲು. 1929ರವರೆಗೆ ಓಡಿತು. ಅದರ ಎಂಜಿನ್ ಈಗ ಬ್ಲೂ ಮೌಂಟನ್ ಲೇಕ್‌ನ ವಸ್ತುಸಂಗ್ರಹಾಲಯದಲ್ಲಿದೆ. ಹೆಗಲ ಮೇಲೆ ದೋಣಿ ಹೊತ್ತು ಆ ಹಾದಿಯಲ್ಲಿ ನಡೆಯುವವರಿಗೆ ಹಿಂದಿನವರ ಸುಖ ಕಂಡು ಹೊಟ್ಟೆ ಉರಿಯದಿರುವುದಿಲ್ಲ. ಆಚೆಗೆ ಯುಟೊವಾನಾ, ಈಗಲ್, ಬ್ಲೂ ಮೌಂಟನ್ ಎಂಬ ಮೂರು ಸರೋವರಗಳು, ಅಲ್ಲಿಗೆ ದಿನ ಮುಗಿಯಿತು.

ಎರಡನೆಯ ದಿನ ಲಾಂಗ್ ಲೇಕ್. ಇದು ನಿಜಕ್ಕೂ ರ‍್ಯಾಕೆಟ್ ನದಿಯೇ ಅಗಲವಾಗಿ ಮಲಗಿದ ರೂಪ. ಉದ್ದ ಸುಮಾರು 22 ಕಿಲೋಮೀಟರ್. ಗಾಳಿ ಸತ್ತುಹೋಗಿತ್ತು. ಗಾಜಿನಂಥ ನೀರು ಚಿತ್ರದಲ್ಲಿ ಚೆಂದ, ಹುಟ್ಟು ಹಾಕುವವರಿಗೆ ಬೇಸರ. ಎರಡೂ ಬದಿಗೆ ಅದೇ ಕಾಡು, ಮುಂದೆ ಅದೇ ತಿರುವಿಲ್ಲದ ನೀರು, ಬೆನ್ನ ಹಿಂದೆ ಅದೇ ‘ಹಟ್’. ಮೊದಲು ನೋಯುವುದು ತೋಳಲ್ಲ, ಕುಳಿತ ಜಾಗ. ಆಮೇಲೆ ಹೆಬ್ಬೆರಳಿನ ಬುಡದಲ್ಲಿ ಹಿಂದಿನ ದಿನ ಎದ್ದ ಬೊಬ್ಬೆ ಒಡೆದು, ಪಟ್ಟಿಯ ಕೆಳಗೆ ಬೆವರು ಹೋಗಿ ಉರಿಯತೊಡಗಿತು. ಈ ಸರೋವರದ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಲು ನನಗೆ ಮನಸ್ಸಿಲ್ಲ.

ನದಿಗೆ ಇಳಿದ ಮೇಲೆ ಬರುವುದು ರ‍್ಯಾಕೆಟ್ ಜಲಪಾತದ ಕ್ಯಾರಿ. ಈ ಸ್ಪರ್ಧೆಯ ಬಗ್ಗೆ ಯಾರನ್ನು ಕೇಳಿದರೂ ಮೊದಲು ಇದರ ಹೆಸರು ಹೇಳುತ್ತಾರೆ. ಎರಡು ಕಿಲೋಮೀಟರಿನಷ್ಟು ಕಾಡುದಾರಿ. ಶುರುವಿಗೇ ಏರು. ಬೇರು, ಬಂಡೆ, ಕೆಸರು. ಗಂಟೆಗಟ್ಟಲೆ ಮಡಚಿಟ್ಟ ಕಾಲು ನೆಲಕ್ಕೆ ಊರಿದಾಗ ಅದು ನಮ್ಮದೇ ಎಂದು ಒಪ್ಪುವುದಿಲ್ಲ. ಮುಂದಿದ್ದವರೊಬ್ಬರು ದಡಕ್ಕೆ ಕಾಲಿಟ್ಟವರೇ ಹಾಗೇ ಮಂಡಿಯೂರಿ ಕುಳಿತುಬಿಟ್ಟರು. ಅವರ ಜೊತೆಗಾತಿ ಏನೂ ಮಾತಾಡದೆ ಕೆನೂವನ್ನು ಒಬ್ಬಳೇ ತಲೆಯ ಮೇಲೆ ಎತ್ತಿಕೊಂಡು ನಡೆದಳು. ಅವರು ಎದ್ದು ಹುಟ್ಟುಗಳನ್ನು ಆಯ್ದುಕೊಂಡು ಹಿಂದೆ ಹೋದರು. ಗಾಡಿ ಕಟ್ಟಿಕೊಂಡವರ ಚಕ್ರಗಳು ಬೇರಿನಿಂದ ಬೇರಿಗೆ ನೆಗೆದು ಓರೆಯಾಗುತ್ತಿದ್ದವು. ಒಂದು ತಿರುವಿನಲ್ಲಿ ತಮ್ಮನ ಉದ್ದನೆಯ ದೋಣಿ ಎರಡು ಮರಗಳ ನಡುವೆ ಸಿಕ್ಕಿಕೊಂಡಿತ್ತು. ಗಾಡಿ ಬಿಚ್ಚಿ ಕುತ್ತಿಗೆಗೆ ಹಾಕಿಕೊಂಡು, ದೋಣಿಯನ್ನು ಕಂಕುಳಲ್ಲಿಟ್ಟು, ಹಿಂದಿನ ತುದಿ ಯಾವ ಮರಕ್ಕೆ ಬಡಿಯುತ್ತದೋ ಎಂದು ತಿರುತಿರುಗಿ ನೋಡುತ್ತ ಹೆಜ್ಜೆಯಿಡುತ್ತಿದ್ದ. ನಾನು ಈ ಸಲ ನಗಲಿಲ್ಲ. ಉಸಿರಿರಲಿಲ್ಲ.

ಮೂರನೆಯ ದಿನ ಫಿಶ್ ಕ್ರೀಕ್‌ನಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ ನನ್ನ ದೋಣಿಯ ಮೂತಿಯೇ ನನಗೆ ಮಸುಕು. ಬಿಟ್ಟ ಮೇಲೆ ಮುಂದಿನವರ ‘ಹಟ್’ ಕೇಳಿ ದಿಕ್ಕು ಹಿಡಿದೆವು. ಒಂದು ಲೂನ್ ಹಕ್ಕಿ ಎಲ್ಲೋ ಹತ್ತಿರದಲ್ಲಿ ಕೂಗುತ್ತಿತ್ತು. ಮಂಜು ಹರಿದಾಗ ಅಪ್ಪರ್ ಸ್ಯಾರನ್ಯಾಕ್ ಸರೋವರದಲ್ಲಿ ತೆಂಕಣ ಗಾಳಿ, ನೇರ ಮುಖಕ್ಕೆ. ಎದುರು ಗಾಳಿಯಲ್ಲಿ ಸರ್ಫ್‌ಸ್ಕೀಗೂ ಕೆನೂವಿಗೂ ಅಂಥ ಭೇದವಿಲ್ಲ, ಇಬ್ಬರಿಗೂ ಒಂದೇ ಕೂಲಿ. ಆದರೂ ಅವನ ದೋಣಿ ತಗ್ಗು, ಗಾಳಿಗೆ ಸಿಗುವ ಮೈ ಕಡಿಮೆ. ಬಾರ್ಟ್‌ಲೆಟ್ ಕ್ಯಾರಿಗೆ ಅವನು ಮುಂಚೆ ಮುಟ್ಟಿದ, ಕ್ಯಾರಿ ಮುಗಿಯುವಾಗ ನಾವು ಮುಂದಿದ್ದೆವು. ಮೂರು ದಿನವೂ ನಡೆದದ್ದು ಇದೇ. ಮಿಡ್ಲ್ ಸ್ಯಾರನ್ಯಾಕ್ ದಾಟಿ ನದಿಗೆ ಬಂದರೆ, ದೋಣಿಯನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಇಳಿಸುವ, ಕೈಯಿಂದಲೇ ನಡೆಸುವ ಹಳೆಯ ಕಾಲದ ಲಾಕ್‌ಗಳಿವೆ. ನೀರು ಸಮವಾಗುವವರೆಗೆ ಕಾಯುವ ತಾಳ್ಮೆ ನಮಗಿರಲಿಲ್ಲ. ದೋಣಿ ಎತ್ತಿಕೊಂಡು ಪಕ್ಕದಲ್ಲಿ ಓಡಿದೆವು.

ಲೋವರ್ ಸ್ಯಾರನ್ಯಾಕ್, ಒಸೀಟಾ, ಕೊನೆಗೆ ಲೇಕ್ ಫ್ಲವರ್. ಊರ ಜನ ದಡದುದ್ದಕ್ಕೂ ಕುರ್ಚಿ ಹಾಕಿಕೊಂಡು, ಮೊದಲು ಬಂದವರಿಗೂ ಮಧ್ಯಾಹ್ನ ಬಂದವರಿಗೂ ಒಂದೇ ಸಮ ಗಂಟೆ ಬಾರಿಸುತ್ತಿದ್ದರು. ನಮ್ಮ ಸಮಯ ಹೇಳುವಂಥದ್ದಲ್ಲ. ತಮ್ಮ ನಮ್ಮ ಹಿಂದೆಯೇ ಬಂದು ಹುಲ್ಲಿನ ಮೇಲೆ ದೋಣಿ ಮಗುಚಿದ. ಚುಕ್ಕಾಣಿಯ ಅಂಚು ಗರಗಸದಂತಾಗಿತ್ತು. ಅದನ್ನು ಬೆರಳಿನಿಂದ ಸವರುತ್ತ ರ‍್ಯಾಕೆಟ್ ಸರೋವರದ ಅಲೆಗಳ ಬಗ್ಗೆಯೇ ಮಾತಾಡುತ್ತಿದ್ದ. ಬ್ರೌನ್ಸ್ ಟ್ರ್ಯಾಕ್ಟ್ ಎಂಬ ತೊರೆಯೇ ಲೋಕದಲ್ಲಿಲ್ಲ ಎಂಬಂತೆ.

ಸ್ವಲ್ಪ ಹೊತ್ತಿನ ಮೇಲೆ ಅವನು ಮೇಷ್ಟ್ರ ಬಳಿ ಸರಿದು, ಮುಂದಿನ ವರ್ಷ ಕೆನೂವಿನ ಮುಂದಿನ ಆಸನ ಖಾಲಿಯಿರುತ್ತದೆಯೇ ಎಂದು ವಿಚಾರಿಸಿದ. ಮೇಷ್ಟ್ರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ನಿನ್ನ ತೂಕ ಎಷ್ಟು?” ಎಂದು ಕೇಳಿದರು. ನನ್ನ ಎದುರಿಗೇ.